ಪ್ರತಾಪನಗರದ ಎಸ್. ಪಾಟೀಲ್

ಏಪ್ರಿಲ್ ಕೊನೆಯ ಸೋಮವಾರ ಗಂಡ ಆಫೀಸಿಗೆ, ಮಗಳು ನಿಕಿತಾ ಸ್ಕೂಲಿಗೆ ಹೋದ ಮೇಲೆ ಇಂದುಮತಿ ಎಂದಿನಂತೆ ಹಾಲ್‌ನ ಮೂಲೆಯಲ್ಲಿದ್ದ ಕಂಪ್ಯೂಟರ್ ಹಾಕಿದಳು. ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಂದು ನಿಂತಿತು. ಡಿಸ್ಕಿನಲ್ಲಿ ಏನೂ ಇಲ್ಲ ಎಂಬುದು ಅದರ ಅರ್ಥ. ಆರಿಸಿ ಮತ್ತೆ ಹಾಕಿದಳು. ಅದೇ ಸಾಲು. ಅಡುಗೆಮನೆಗೆ ಹೋಗಿ ಕುಕ್ಕರ್ ಇಳಿಸಿ ಬಂದು ಮೂರನೇ ಸಲ ಹಾಕಿದಳು, ಅಷ್ಟರಲ್ಲಿ ಅದಕ್ಕೆ ಬುದ್ಧಿ ಬಂದಿರಬಹುದು ಎಂಬಂತೆ.

ಮರುದಿನದ ಪೇಪರಿನಲ್ಲಿ ಸುದ್ದಿ ಇತ್ತು. ಆ ತಾರೀಖಿಗೆಂದೇ ಕಾದು ಕೂತಿದ್ದ ಒಂದು ವೈರಸ್ ಎಷ್ಟೋ ದೇಶಗಳಲ್ಲಿ ಕಂಪ್ಯೂಟರುಗಳನ್ನು ಒರೆಸಿ ಹಾಕಿತ್ತಂತೆ. ಅಹಮದಾಬಾದಿನ ವಸ್ತ್ರಾಪುರದ ಈ ಫ್ಲಾಟಿಗೆ ಅದು ನಿಕಿತಾ ಗೆಳತಿಯಿಂದ ತಂದ ಗೇಮಿನ ಸಿಡಿಯಲ್ಲಿ ಬಂದಿರಬೇಕು. ಒರೆಸಿಹೋದದ್ದು ಇಂದುಮತಿಯ ಪಿಎಚ್‌ಡಿ ಪ್ರಬಂಧ. ಸೌರಾಷ್ಟ್ರದ ಮಳೆ ಯಾವ ವರ್ಷ ಕೈಕೊಡುತ್ತದೆ ಎಂಬುದನ್ನು ಹಳೆಯ ಅಂಕಿಅಂಶಗಳಿಂದ ಅಂದಾಜು ಮಾಡುವ ಕೆಲಸ ಅದು. ಮೊದಲ ಮೂರು ಅಧ್ಯಾಯ ಫ್ಲಾಪಿಯಲ್ಲಿದ್ದವು. ಉಳಿದದ್ದೆಲ್ಲ ಕಾಗದದ ಮೇಲೆ ಮಾತ್ರ.

ಅವಳ ಗೈಡ್ ಜೂನ್ ಕೊನೆಗೆ ನಿವೃತ್ತರಾಗುವವರಿದ್ದರು. ಆಮೇಲೆ ಹೊಸ ಗೈಡ್, ಹೊಸ ಮನುಷ್ಯನ ಹೊಸ ಅಭಿಪ್ರಾಯ. ಮದುವೆಗೆ ಮುಂಚಿನಿಂದಲೂ ತುಮಕೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಇಂದುಮತಿ, ಜನಾರ್ದನನಿಗೆ ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಸಿಕ್ಕಿದಾಗ ಅದನ್ನು ಬಿಟ್ಟು ಬಂದಿದ್ದಳು. ನಲವತ್ತಾದ ಮೇಲೆ ಮತ್ತೆ ಪುಸ್ತಕ ಹಿಡಿದಿದ್ದಳು. ಇನ್ನೊಂದು ಸಲ ಶುರುಮಾಡುವ ಶಕ್ತಿ ತನ್ನಲ್ಲಿದೆಯೆಂದು ಅವಳಿಗೆ ಅನಿಸುತ್ತಿರಲಿಲ್ಲ.

ಆ ಭಾನುವಾರ ಜನಾರ್ದನ ಆಫೀಸಿನ ಗೆಳೆಯನಿಂದ ಒಂದು ಪತ್ರಿಕೆಯ ಜೊತೆ ಬಂದಿದ್ದ ಸಿಡಿ ತಂದ.

"ಲಿನಕ್ಸ್ ಅಂತ, ವಿಂಡೋಸ್ ಬದಲಿಗೆ ಹಾಕೋದು. ಇದಕ್ಕೆ ಈ ವೈರಸ್ ಎಲ್ಲ ಹತ್ತಲ್ವಂತೆ. ದುಡ್ಡೂ ಕೊಡ್ಬೇಕಾಗಿಲ್ಲ, ಎಷ್ಟು ಜನಕ್ಕೆ ಬೇಕಾದ್ರೂ ಕಾಪಿ ಮಾಡಿಕೊಡಬಹುದು," ಎಂದ.

ಸಂಜೆವರೆಗೂ ಕೂತು ಅದನ್ನು ಡಿಸ್ಕಿಗೆ ಹಾಕಿದ. ಕೊನೆಗೆ ಹೆಸರು ಕೇಳುವ ಒಂದು ಸಾಲು ಬಂತು. ಚಿತ್ರವಿಲ್ಲ, ಮೌಸ್ ಕೆಲಸ ಮಾಡುವುದಿಲ್ಲ, ಬರೀ ಅಕ್ಷರ. "ಉಳಿದಿದ್ದು ಮುಂದಿನ ವಾರ ನೋಡೋಣ," ಎಂದು ಎದ್ದ. ಮುಂದಿನ ವಾರ ಅವನಿಗೆ ಉಪಗ್ರಹದ ಕೆಲಸ ಬಂತು.

ಇಂದುಮತಿಗೆ ಮುಂದಿನ ವಾರಕ್ಕೆ ಕಾಯುವಷ್ಟು ವ್ಯವಧಾನವಿರಲಿಲ್ಲ. ಆ ಸಿಡಿಯಲ್ಲೇ ಇದ್ದ ಸಹಾಯದ ಪುಟಗಳನ್ನು ಒಂದೊಂದಾಗಿ ಓದುತ್ತ ಹೋದಳು. ಪ್ರಬಂಧ ಬರೆಯಲೆಂದೇ ಅದರಲ್ಲಿ ಲೇಟೆಕ್ ಎಂಬ ಒಂದು ಸಾಧನವಿತ್ತು. ಸಮೀಕರಣವನ್ನು ಅಕ್ಷರಗಳ ಆಜ್ಞೆಯಾಗಿ ಬರೆದರೆ ಅದು ಅಚ್ಚುಕಟ್ಟಾದ ಪುಟ ಮಾಡಿಕೊಡುತ್ತಿತ್ತು. ಅವಳು ಬರೆದಳು. ಆದರೆ ಪುಟ ಹೇಗೆ ಬಂದಿದೆ ಎಂದು ನೋಡುವುದಕ್ಕೆ ಚಿತ್ರ ತೋರಿಸುವ ಪರದೆ ಬೇಕು, ಇಲ್ಲವೇ ಪ್ರಿಂಟರ್ ಓಡಬೇಕು. ಎರಡೂ ಇಲ್ಲ. ಕುರುಡಾಗಿ ಇಡೀ ಅಧ್ಯಾಯ ಟೈಪ್ ಮಾಡಿದಳು. ಮಧ್ಯೆ ಮಧ್ಯೆ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುವಳು, ಒಣಗಿದ ಬಟ್ಟೆಯನ್ನೇ ಮತ್ತೆ ಮುಟ್ಟಿ ನೋಡುವಳು, ಬಂದು ಕೂರುವಳು.

"ಮಮ್ಮೀ, ಇದರಲ್ಲಿ ಒಂದ್ ಭೀ ಗೇಮ್ ಇಲ್ಲ. ಬೋರಿಂಗ್ ಛೇ," ಎಂದು ನಿಕಿತಾ ಗುಜರಾತಿ ಬೆರೆಸಿ ದಿನಕ್ಕೊಮ್ಮೆ ಹೇಳುತ್ತಿದ್ದಳು.

ಸಂಶೋಧನಾ ವಿದ್ಯಾರ್ಥಿನಿ ಎಂದು ಇಂದುಮತಿಗೆ ಕಡಿಮೆ ದರದ ಇಂಟರ್ನೆಟ್ ಖಾತೆ ಸಿಕ್ಕಿತ್ತು. ಫೋನಿನ ತಂತಿಯಲ್ಲಿ ಬರೀ ಅಕ್ಷರಗಳಷ್ಟೇ ಬರುವಂಥದ್ದು. ಅದರಲ್ಲಿ ಲಿನಕ್ಸ್ ಬಳಸುವವರ ಒಂದು ಇ-ಮೇಲ್ ಬಳಗ ಹುಡುಕಿ, ತನ್ನ ತೊಂದರೆ ಬರೆದು, ಕೆಳಗೆ 'ಐ. ರಾವ್, ಅಹಮದಾಬಾದ್' ಎಂದು ಹಾಕಿದಳು. ಮರುದಿನ ಉತ್ತರ ಬಂತು. 'ಎಸ್. ಪಾಟೀಲ್, ವಡೋದರಾ.'

'ಡಿಯರ್ ಸರ್, ನಿಮ್ಮ ಮಾನಿಟರಿನ ಹಿಂದೆ ಒಂದು ಚೀಟಿ ಇರುತ್ತದೆ. ಅದರ ಮೇಲಿನ ಅಂಕಿಗಳನ್ನು ಕಳಿಸಿ.' ಕಳಿಸಿದಳು. ಯಾವ ಕಡತದಲ್ಲಿ ಯಾವ ಸಾಲು ಬದಲಾಯಿಸಬೇಕೆಂದು ಬಂತು. ಬದಲಾಯಿಸಿದಳು. ಪರದೆ ಎರಡು ಸಲ ಮಿಂಚಿ, ಕಪ್ಪಾಗಿ, ಆಮೇಲೆ ಬೂದು ಬಣ್ಣಕ್ಕೆ ತಿರುಗಿ ಮಧ್ಯೆ ಮೌಸಿನ ಗುರುತು ಮೂಡಿತು. ತನ್ನ ನಾಲ್ಕನೇ ಅಧ್ಯಾಯವನ್ನು ತೆರೆದಳು. ಸಮೀಕರಣಗಳು ಪುಸ್ತಕದಲ್ಲಿ ಅಚ್ಚಾದ ಹಾಗೆ ಕೂತಿದ್ದವು. ಮನೆಯಲ್ಲಿ ತೋರಿಸುವುದಕ್ಕೆ ಯಾರೂ ಇರಲಿಲ್ಲ. 'ಡಿಯರ್ ಸರ್, ಬಂತು!' ಎಂದು ವಡೋದರಾಕ್ಕೆ ಬರೆದಳು.

ನಾಲ್ಕೈದು ಪತ್ರಗಳಾದ ಮೇಲೆ ಆ ಕಡೆಯಿಂದಲೇ ಪ್ರಶ್ನೆ ಬಂತು. ರಾವ್ ಅಂದರೆ ಕರ್ನಾಟಕದವರೇ? ಹೌದು ಎಂದಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಶುರುವಾಯಿತು. 'ಸರ್, ಹೀಂಗ ಮಾಡ್ರಿ' ಎಂದು ಪಾಟೀಲ್ ಬರೆಯುವುದು, 'ಆಯ್ತು ಸರ್, ಮಾಡಿದೆ' ಎಂದು ಇವಳು. ಬೆಳಗಾವಿ ಕಡೆಯವರು, ಪಾಲಿಟೆಕ್ನಿಕ್ಕಿನಲ್ಲಿ ಪಾಠ, ಮೇಲ್ ಅಲ್ಲಿಂದಲೇ, ವಾಸ ಪ್ರತಾಪನಗರದ ರೈಲ್ವೆ ಕಾಲೊನಿಯಲ್ಲಿ, ಮನೆಯಲ್ಲಿರುವುದು ರೈಲ್ವೆಯೊಳಗಷ್ಟೇ ಮಾತಾಡುವ ಫೋನು. ಇಷ್ಟು ತಿಳಿದಿತ್ತು.

ಪ್ರಿಂಟರ್ ಮಾತ್ರ ಯಾವ ಆಜ್ಞೆಗೂ ಬಗ್ಗಲಿಲ್ಲ. ಅದು ಲಿನಕ್ಸಿನ ಮಾತು ಕೇಳುವ ಜಾತಿಯದೇ ಅಲ್ಲ ಎಂದು ಪಾಟೀಲ್ ಬರೆದರು. ಜನಾರ್ದನನ ಆಫೀಸಿನೊಳಗೆ ಹೊರಗಿನ ಡಿಸ್ಕ್ ತರುವ ಹಾಗಿರಲಿಲ್ಲ. ಸ್ಯಾಟಲೈಟ್ ರಸ್ತೆಯ ಡಿಟಿಪಿ ಅಂಗಡಿಗಳವರು ಅವಳ ಕಡತದ ಹೆಸರು ನೋಡಿಯೇ ತಲೆಯಾಡಿಸಿದರು. ಫ್ಲಾಪಿಗಳಲ್ಲಿ ತುಂಬಿ ವಡೋದರಾಕ್ಕೆ ಕೊರಿಯರ್ ಮಾಡಿದಳು. ಅರ್ಧಕ್ಕರ್ಧ ತೆರೆಯಲೇ ಇಲ್ಲ. ಕೊನೆಗೆ ಪಾಟೀಲರ ಪತ್ರ ಬಂತು. 'ಹಾರ್ಡ್ ಡಿಸ್ಕನ್ನ ಬಿಚ್ಚಿ ತಗೊಂಡ ಬಂದುಬಿಡ್ರಿ. ನಮ್ಮ ಮನ್ಯಾಗ ಪ್ರಿಂಟರ್ ಐತಿ. ಗುರುವಾರ ನನಗ ಕ್ಲಾಸ್ ಇಲ್ಲ.'

"ಯಾರು ಈ ಪಾಟೀಲ?" ಎಂದ ಜನಾರ್ದನ, ಊಟದ ಮೇಜಿನಲ್ಲಿ.

"ಹೇಳಿದ್ನಲ್ಲ, ಪಾಲಿಟೆಕ್ನಿಕ್ಕಲ್ಲಿ ಪಾಠ ಮಾಡ್ತಾರೆ."

"ಮನೆಗೇ ಕರೀತಿದ್ದಾನಾ?"

"ಪ್ರಿಂಟರ್ ಇರೋದು ಮನೇಲಿ."

"ನೀನು ಅವನ ಮುಖ ನೋಡಿಲ್ಲ, ಒಂದು ಮಾತಾಡಿಲ್ಲ. ಸುಮ್ಮಸುಮ್ಮನೆ ಯಾರಾದ್ರೂ ಇಷ್ಟೆಲ್ಲ ಯಾಕೆ ಮಾಡ್ತಾರೆ, ಇಂದು?"

"ಈ ಸಾಫ್ಟ್‌ವೇರ್ ಅಷ್ಟೂ ಯಾರೋ ಸುಮ್ಮನೆ ಮಾಡಿ ಕೊಟ್ಟಿರೋದೇ ತಾನೆ? ಅವರ ಮುಖಾನೂ ನಾವು ನೋಡಿಲ್ಲ. ತಂದು ಹಾಕಿದ್ದು ನೀವೇ."

ಜನಾರ್ದನ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡ. "ಭಾನುವಾರದವರೆಗೆ ತಡಿ. ನಾನೂ ಬರ್ತೀನಿ. ಈಗ ರಜಾ ಸಿಗೋದೇ ಇಲ್ಲ."

"ಸೋಮವಾರ ಯೂನಿವರ್ಸಿಟೀಲಿ ಕೊಡ್ಬೇಕು. ಜೆರಾಕ್ಸ್, ಬೈಂಡಿಂಗ್ ಎಲ್ಲ ಯಾವಾಗ ಮಾಡ್ಸೋದು? ನಾನು ಗುರುವಾರ ಹೋಗ್ತೀನಿ."

ಅವನು ತಟ್ಟೆಯನ್ನು ಸಿಂಕಿನಲ್ಲಿ ಇಟ್ಟ ಸದ್ದು ಸ್ವಲ್ಪ ಜೋರಾಗಿತ್ತು.

ಗುರುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಡಿಸ್ಕನ್ನು ತಾನೇ ಬಿಚ್ಚಿದಳು. ಹಳೆಯ ಕಾಟನ್ ಸೀರೆಯಲ್ಲಿ ಮಡಿಕೆ ಮಡಿಕೆಯಾಗಿ ಸುತ್ತಿ, ಗೈಡ್ ಕೆಂಪು ಮಸಿಯಲ್ಲಿ ತಿದ್ದಿದ ಹಳೆಯ ಪ್ರತಿಯೊಂದಿಗೆ ಬ್ಯಾಗಿನಲ್ಲಿಟ್ಟುಕೊಂಡು ಕಾಲುಪುರ ಸ್ಟೇಷನ್ನಿಗೆ ಹೋದಳು. ರೈಲಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಬೋಗಿ ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುವಳು. ಹೊರಗೆ ಜೂನ್ ಬಿಸಿಲು, ಒಳಗೆ ಬೆವರು. ಎದುರಿಗೆ ಕೂತಿದ್ದ ಮುದುಕಿ ಆ ಬ್ಯಾಗನ್ನೇ ನೋಡುತ್ತಿದ್ದಳು.

"ಅಂದರ್ ಶು ಛೇ, ಬೆನ್?" ಒಳಗೆ ಏನಿದೆ ಎಂದು ಕೇಳಿದಳು.

ಏನೆಂದು ಹೇಳುವುದು? "ಕಾಚ್ ಛೇ, ಮಾಸಿ," ಎಂದಳು. ಗಾಜು.

ಅಲ್ಲಿಂದ ಮುಂದೆ ಮುದುಕಿ ಹತ್ತಿದವರಿಗೆಲ್ಲ ಗದರಿ ಜಾಗ ಬಿಡಿಸತೊಡಗಿದಳು. ನಡಿಯಾದ್ ಬಂತು, ಆಣಂದ್ ಬಂತು. ಹತ್ತಿರವಾದಷ್ಟೂ ಇಂದುಮತಿಗೆ ಗಂಡನ ಮಾತು ನೆನಪಾಯಿತು. ಕಾಲೊನಿಯ ಯಾವುದೋ ಮನೆಯಲ್ಲಿ ಒಬ್ಬ ಅಪರಿಚಿತ. ಬಾಗಿಲಲ್ಲಿ ಹೆಂಗಸನ್ನು ನೋಡಿ ಅವನಿಗೇ ಇರುಸುಮುರುಸಾದರೆ? ತಾನು ಹೆಂಗಸೆಂದು ಒಂದು ಪತ್ರದಲ್ಲಾದರೂ ಬರೆಯಬಹುದಿತ್ತು. ಸರ್ ಅನ್ನಿಸಿಕೊಳ್ಳುವುದರಲ್ಲಿ ಏನೋ ಒಂದು ಸಲೀಸು ಇತ್ತು, ಅದಕ್ಕೇ ಬರೆದಿರಲಿಲ್ಲ.

ಕ್ವಾರ್ಟರ್ಸಿನ ಬಾಗಿಲು ತೆರೆದದ್ದು ತನ್ನ ವಯಸ್ಸಿನ ಒಬ್ಬ ಹೆಂಗಸು. ಕೈಯಲ್ಲಿ ಜೋಳದ ಹಿಟ್ಟು.

"ಪಾಟೀಲ್ ಸರ್ ಇದ್ದಾರಾ?"

"ಅವ್ರು ಡ್ಯೂಟಿ ಮ್ಯಾಲೆ ದಾಹೋದ್ ಕಡೆ ಹೋಗ್ಯಾರ್ರಿ, ನಾಳೆ ಬರ್ತಾರ. ನೀವು ಯಾರು?"

ಇಂದುಮತಿ ಬ್ಯಾಗನ್ನು ಎದೆಗೊತ್ತಿಕೊಂಡಳು. "ಇವತ್ತು ಬನ್ನಿ ಅಂತ ಬರೆದಿದ್ರು. ಅಹಮದಾಬಾದಿನಿಂದ... ರಾವ್..."

"ರಾವ್ ಅವರ ಮನಿಯವ್ರೇನ್ರಿ? ಅವ್ರ್ಯಾಕ ಬರಲಿಲ್ಲ?"

"ಇಲ್ಲ, ನಾನೇ ರಾವ್. ಇಂದುಮತಿ ರಾವ್."

ಆ ಹೆಂಗಸು ಹಿಟ್ಟಿನ ಕೈಯನ್ನು ಹಾಗೇ ಗಲ್ಲಕ್ಕೆ ಇಟ್ಟುಕೊಂಡಳು. "ಅಯ್ಯ ಶಿವನ! ನಾನ ಪಾಟೀಲ. ಶಕುಂತಲಾ. ಮುಂಜಾನೆ ನಮ್ಮ ಮನಿಯವ್ರ ಮುಂದ ಹೇಳೇನಿ, ಯಾರೋ ವಯಸ್ಸಾದ ಪ್ರೊಫೆಸರ್ ಬರಾಕತ್ತಾರ, ಚಹಾಕ್ಕ ಸಕ್ರಿ ಹಾಕೂದೋ ಬ್ಯಾಡೋ ಅಂತ!"

ಇಬ್ಬರೂ ಬಾಗಿಲಲ್ಲೇ ನಿಂತು ನಕ್ಕರು. ಹಿಂದಿಯಲ್ಲಿ ಬರೆದುಕೊಂಡಿದ್ದರೆ ಮೊದಲ ಪತ್ರದಲ್ಲೇ ಗೊತ್ತಾಗಿಬಿಡುತ್ತಿತ್ತು. ಕನ್ನಡದಲ್ಲಿ ಮಾಡಿದೆ, ಬಂದೆ, ನೋಡುತ್ತೇನೆ ಎನ್ನುವುದಕ್ಕೆ ಗಂಡಸೂ ಒಂದೇ ಹೆಂಗಸೂ ಒಂದೇ.

"ಬರ್ರಿ ಒಳಗ, ಬಾಗಿಲಾಗ ಯಾಕ ನಿಂತ್ರಿ. ಮೊದಲ ನೀರು ಕುಡೀರಿ."

ನೀರು ಕುಡಿದಳೋ ಇಲ್ಲವೋ, ಇಂದುಮತಿ ಸುತ್ತಿದ್ದ ಹಳೆಯ ಸೀರೆ ಬಿಡಿಸಿ ಡಿಸ್ಕ್ ಹೊರತೆಗೆದಿದ್ದಳು. ಶಕುಂತಲಾ ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಬಟನ್ ಒತ್ತಿದಳು. ಇಂದುಮತಿಯ ಡಿಸ್ಕ್ ಅದರ ಕಣ್ಣಿಗೆ ಬೀಳಲೇ ಇಲ್ಲ. ರೈಲಿನಲ್ಲಿ ಕುಲುಕಿ ಹಾಳಾಯಿತೇ? ಇಂದುಮತಿ ಕುರ್ಚಿಯಿಂದ ಎದ್ದು ಕಿಟಕಿಗೆ ಹೋದಳು, ಕಿಟಕಿಯಿಂದ ಬಾಗಿಲಿಗೆ ಬಂದಳು.

"ಕೂಡ್ರಿ, ಏನಾಗಂಗಿಲ್ಲ. ಎರಡು ಡಿಸ್ಕೂ ನಾನ ದೊಡ್ಡಾವ ಅನ್ನಾಕತ್ತಾವ," ಎನ್ನುತ್ತ ಶಕುಂತಲಾ ಡಿಸ್ಕಿನ ಹಿಂದಿದ್ದ ಸಣ್ಣ ಪಿನ್ನೊಂದನ್ನು ಚಿಮುಟದಿಂದ ಕಿತ್ತು ಬೇರೆ ಜಾಗಕ್ಕೆ ಸಿಕ್ಕಿಸಿದಳು. ಈ ಸಲ ಕಂಡಿತು. ಅಧ್ಯಾಯಗಳೆಲ್ಲ ಇದ್ದವು.

ಪ್ರಿಂಟರ್ ಒಂದೊಂದೇ ಪುಟ ಉಗುಳತೊಡಗಿತು. ಇಂದುಮತಿ ಪ್ರತಿ ಪುಟವನ್ನೂ ಬಿಸಿಯಿರುವಾಗಲೇ ಎತ್ತಿ ನೋಡುತ್ತಿದ್ದಳು. ನಡುನಡುವೆ ಶಕುಂತಲಾ ರೊಟ್ಟಿ ಬಡಿಯುತ್ತ ತನ್ನ ಕತೆ ಹೇಳಿದಳು. ರತ್ಲಾಮ್, ಕೋಟಾ, ಭುಸಾವಳ, ಈಗ ವಡೋದರಾ. ಹೋದಲ್ಲೆಲ್ಲ ಹೊಸ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ. ಪರಿಚಯವಾಗುವ ಹೊತ್ತಿಗೆ ಗಂಡನ ವರ್ಗದ ಆರ್ಡರ್. "ಈ ಮೇಲ್ ಬಳಗ ಒಂದ ನೋಡ್ರಿ, ಎಲ್ಲಿ ಹೋದ್ರೂ ಅದ ಇರತೈತಿ. ಯಾರಿಗರೆ ಒಂದು ಉತ್ತರ ಬರದ್ರ ಆ ದಿನ ಊಟ ರುಚಿ ಆಗತೈತಿ."

ಐದನೇ ಅಧ್ಯಾಯದ ಪುಟ ಬಂದಾಗ ಇಂದುಮತಿ ನಿಂತಲ್ಲೇ ನಿಂತಳು. ಗೈಡ್ ಕೆಂಪು ಮಸಿಯಲ್ಲಿ ಹೊಡೆದು ಹಾಕಿದ್ದ ಸಾಲುಗಳೆಲ್ಲ ಹಾಗೇ ಇದ್ದವು. ಆ ತಿದ್ದುಪಡಿಗಳನ್ನು ಫ್ಲಾಪಿಯಲ್ಲಿದ್ದ ಕಡತದಲ್ಲೇ ಮಾಡಿ ಡಿಸ್ಕಿಗೆ ಇಳಿಸಲು ಮರೆತಿದ್ದಳು. ಫ್ಲಾಪಿ ಮನೆಯಲ್ಲೇ ಉಳಿದಿತ್ತು, ಡಿಸ್ಕಿನಲ್ಲಿದ್ದದ್ದು ಹಳೆಯದು.

"ತಿದ್ದಿದ ಕಾಗದ ಐತೇನು ನಿಮ್ಮ ಹತ್ರ?"

"ಇದೆ. ಆದ್ರೆ ನಲವತ್ತು ಪುಟ. ಗ್ರಾಫ್ ಬೇರೆ ಹೊಸದಾಗಿ ಹಾಕ್ಬೇಕು. ನಾಲ್ಕೂವರೆ ರೈಲು..."

"ರೈಲು ನಾಳೆನೂ ಬರತಾವ್ರಿ. ನಮ್ಮ ಮಂದಿ ಓಡಸ್ತಾರ, ನಾ ಹೇಳತೀನಿ. ನಾ ಓದ್ತೀನಿ, ನೀವು ಹೊಡೀರಿ."

ಸಂಜೆಯ ಹೊತ್ತಿಗೆ ಅರ್ಧವೂ ಆಗಿರಲಿಲ್ಲ. ಇಂದುಮತಿ ಕಾಲೊನಿಯ ಗೇಟಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ಒಂದು ಅಧ್ಯಾಯ ತಪ್ಪಾಗಿದೆ ಕಣ್ರೀ. ಇವತ್ತು ಮುಗಿಯೋಲ್ಲ. ಇಲ್ಲೇ ಉಳಿದು ನಾಳೆ ಬರ್ತೀನಿ."

"ಇಲ್ಲೇ ಅಂದ್ರೆ?"

"ಪಾಟೀಲರ ಮನೇಲಿ."

"ಮನೇಲಿ ಇನ್ಯಾರಿದ್ದಾರೆ?" ಆ ದನಿಯನ್ನು ಅವಳು ಬಲ್ಲಳು. ಆಫೀಸಿನಲ್ಲಿ ಕೈಕೆಳಗಿನವರು ರಜಾ ಕೇಳಿದಾಗಿನ ದನಿ.

ಪಾಟೀಲರು ಹೆಂಗಸು ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅದು ಬಾಯಿಗೂ ಬಂದಿತ್ತು. ಆದರೆ ಅದನ್ನು ಹೇಳಿ ಅನುಮತಿ ಪಡೆದ ಹಾಗೆ ಆಗುತ್ತದಲ್ಲ ಎನಿಸಿ ನುಂಗಿಕೊಂಡಳು.

"ಇದ್ದಾರೆ. ನಿಕಿತಾಗೆ ಫ್ರಿಜ್ಜಲ್ಲಿ ಸಾರಿದೆ, ಬಿಸಿ ಮಾಡಿಕೊಡಿ," ಎಂದು ಇಟ್ಟುಬಿಟ್ಟಳು.

ಗೆದ್ದಂತೆ ಅನಿಸಲಿಲ್ಲ. ದಾರಿಯುದ್ದಕ್ಕೂ ತಿರುತಿರುಗಿ ಬೂತಿನ ಕಡೆ ನೋಡಿದಳು. ಗ್ರಾಫಿಗೆ ಅಂಕಿ ತುಂಬುವಾಗ ಎರಡು ಸಲ ತಪ್ಪಿದಳು.

"ಮನಿಯವ್ರು ಏನಂದ್ರು?" ಎಂದಳು ಶಕುಂತಲಾ.

"ಏನೂ ಅನ್ಲಿಲ್ಲ. ನೀವು ಗಂಡಸು ಅಂತ ಅಂದುಕೊಂಡಿದ್ದಾರೆ. ನಾನೂ ಅಲ್ಲ ಅಂತ ಹೇಳ್ಲಿಲ್ಲ."

ಶಕುಂತಲಾ ಕಾಗದದಿಂದ ತಲೆಯೆತ್ತಿ ಅವಳನ್ನೇ ನೋಡಿದಳು. ನಗಲಿಲ್ಲ. "ಹೇಳಬೇಕಿತ್ರಿ," ಎಂದಳು. ಪುಟ ತಿರುವಿ, "ನಾನಾಗಿದ್ರೂ ಹೇಳತಿದ್ದಿಲ್ಲ," ಎಂದು ಮುಂದಿನ ಸಾಲು ಓದಿದಳು. ಮತ್ತೆ ಹೋಗಿ ಫೋನ್ ಮಾಡೋಣವೆಂದು ಇಂದುಮತಿ ಎದ್ದು ಗೇಟಿನವರೆಗೆ ಹೋದಾಗ ಬೂತಿನ ಶಟರ್ ಇಳಿದಿತ್ತು.

ಬೆಳಿಗ್ಗೆ ಕೊನೆಯ ಪುಟಗಳು ಹೊರಬರುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಹಿಂದಿನ ದಿನದ ಶರ್ಟಿನಲ್ಲೇ ಜನಾರ್ದನ ನಿಂತಿದ್ದ. ಗಡ್ಡ ಹೆರೆದಿರಲಿಲ್ಲ. ಕೈಯಲ್ಲಿ ಅವಳು ಅಡ್ರೆಸ್ ಬರೆದಿಟ್ಟು ಬಂದಿದ್ದ ಚೀಟಿ.

"ಪಾಟೀಲ್ ಇದ್ದಾರಾ?" ಎಂದು ಗಡುಸಾಗಿ ಕೇಳಿದ.

"ನಾನರೀ ಪಾಟೀಲ. ನೀವು ಜನಾರ್ದನ ಅವರೇನು? ಬರ್ರಿ, ಮುಗಿಯಾಕ ಬಂತು."

ಜನಾರ್ದನ ಅವಳನ್ನು ನೋಡಿದ, ಒಳಗೆ ಕೈಯಲ್ಲಿ ಪುಟ ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ. ಚಪ್ಪಲಿ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಹಾಕಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ತಲೆಯೆತ್ತದೆ ತಿಂದ. "ಚಟ್ನಿ ಖಾರ ಆತೇನ್ರಿ?" ಎಂದು ಶಕುಂತಲಾ ಕೇಳಿದಾಗ, "ಇಲ್ಲ, ಚೆನ್ನಾಗಿದೆ," ಎಂದು ಕಣ್ಣೊರೆಸಿಕೊಂಡ. ಖಾರವೇ ಆಗಿತ್ತು.

"ನಿಕಿತಾ?" ಎಂದಳು ಇಂದುಮತಿ.

"ಎದುರು ಮನೆ ನಯನಾಬೆನ್ ಹತ್ರ ಬಿಟ್ಟು ಬಂದೆ."

ವಾಪಸು ಬರುವ ರೈಲಿನಲ್ಲಿ ಪ್ರಬಂಧದ ಕಟ್ಟು ಇಂದುಮತಿಯ ತೊಡೆಯ ಮೇಲಿತ್ತು, ಡಿಸ್ಕ್ ಜನಾರ್ದನನ ತೊಡೆಯ ಮೇಲೆ. ರೈಲು ಆಣಂದ್ ದಾಟಿತು.

"ಫೋನಲ್ಲೇ ಹೇಳಬಹುದಾಗಿತ್ತು," ಎಂದ ಅವನು.

"ಹೌದು. ಹೇಳಬಹುದಾಗಿತ್ತು."

"ರಜಾ ಹಾಕಿಲ್ಲ. ಹೇಳದೆ ಬಂದಿದ್ದೀನಿ. ರಾತ್ರಿ ಪೂರ್ತಿ ಹಾಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ. ನಂಗೆ ಆ ಮನೇಲಿ ಕೂರೋಕೇ ಆಗ್ಲಿಲ್ಲ, ಇಂದು."

ಇಂದುಮತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ತಂಬಾಕಿನ ಹೊಲಗಳು ಬೋಳಾಗಿ ಬಿದ್ದಿದ್ದವು.

"ನಿಮಗೆ ಒಂದು ರಾತ್ರಿ ಆಗ್ಲಿಲ್ಲ. ನಂಗೆ ಹದಿನೈದು ವರ್ಷದಿಂದ ಆಗ್ತಿಲ್ಲ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಬೋಗಿ ಕುಲುಕಿದಾಗ ಅವನು ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಸೋಮವಾರ ಮಧ್ಯಾಹ್ನ ಪ್ರಬಂಧ ಯೂನಿವರ್ಸಿಟಿಗೆ ಸೇರಿತು. ಗುಮಾಸ್ತ ಸೀಲು ಹಾಕುವಾಗಲೂ ಅವಳು ಯಾವ ಪುಟ ತಪ್ಪಿದೆಯೋ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಹೊರಗೆ ಬಂದ ಮೇಲೆ ಹಗುರಾಗುತ್ತದೆಂದು ಕಾದಳು. ಆಗಲಿಲ್ಲ. ನವರಂಗಪುರದ ಬಿಸಿಲಿನಲ್ಲಿ ಎರಡು ಸ್ಟಾಪು ನಡೆದು, ಆಮೇಲೆ ಬಸ್ಸು ಹತ್ತಿದಳು.

ದೀಪಾವಳಿಗೆ ಮುಂಚೆ ಶಕುಂತಲಾಳ ಗಂಡನಿಗೆ ಸೂರತ್ತಿಗೆ ವರ್ಗವಾಯಿತು. ಅಲ್ಲಿಂದಲೂ ಪತ್ರ ಬರುತ್ತಿತ್ತು. ಸೂರತ್ತಿನಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ, ಬಳಗದಲ್ಲಿ ಉತ್ತರ ಬರೆಯುವುದು ಮಾತ್ರ ನಿಂತಿಲ್ಲ ಎಂದು. ಪ್ರಬಂಧದ ಮೌಖಿಕ ಪರೀಕ್ಷೆ ಇನ್ನೂ ದೂರವಿರುವಾಗಲೇ ಇಂದುಮತಿ ಗಾಂಧಿನಗರದ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ಅರೆಕಾಲಿಕ ಕೆಲಸ, ಬೆಳಗಿನ ಕ್ಲಾಸು. ಜನಾರ್ದನನಿಗೆ ಅರ್ಜಿ ಹಾಕಿದ ಮೇಲೆ ಹೇಳಿದಳು. ಅವನು ಬಸ್ಸಿನ ಟೈಮ್ ಕೇಳಿದ, ಅಷ್ಟೇ.

ಕೆಲಸ ಸಿಕ್ಕಿತು. ಮೊದಲ ದಿನ ಅವಳು ಹೊರಡುವಾಗ ಅಡುಗೆಮನೆಯಿಂದ ಹಾಲು ಉಕ್ಕಿ ಸುಟ್ಟ ವಾಸನೆ ಬಂತು. "ಇಂದು, ಈ ಬರ್ನರ್ ಯಾವ ಕಡೆ ತಿರುಗಿಸಿದ್ರೆ ಸಣ್ಣಗಾಗುತ್ತೆ?" ಎಂದು ಜನಾರ್ದನ ಒಳಗಿನಿಂದ ಕೂಗಿದ. ಅವಳು ಆಗಲೇ ಒಂದು ಮಹಡಿ ಇಳಿದಾಗಿತ್ತು. ನಿಂತಳು, ಒಂದು ಕಾಲನ್ನು ಮೇಲಿನ ಮೆಟ್ಟಿಲಿಗೂ ಇಟ್ಟಳು. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಎರಡೂ ಕಡೆ ತಿರುಗಿಸಿ ನೋಡಿ, ಗೊತ್ತಾಗುತ್ತೆ," ಎಂದು ಕೂಗಿ ಇಳಿದು ಓಡಿದಳು.